ಮೊದಲು ಮೈ ತಡವು, ಆಮೇಲೆ ಮದ್ದು

ಕಲಬುರಗಿ
ಕಾರ್ತಿಕ ಮಾಸ

ಚಿ. ಅಪ್ಪೂ,

ನೀನು ಕಳಿಸಿದ ನಿನ್ನ ನಾಯಿ ಮೋತ್ಯಾನ ಫೋಟೊಗಳನ್ನು ನಿನ್ನ ಅತ್ತೆ ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಹೊಟ್ಟೆಯ ಕೆಳಗೆ ಕೆಂಪು ಗಂದೆ, ತೊಡೆಯ ಸಂದಿನಲ್ಲಿ ಉಗುರು ಗೀರಿದ ಗುರುತು, ನೆಕ್ಕಿ ನೆಕ್ಕಿ ಕಂದುಬಣ್ಣಕ್ಕೆ ತಿರುಗಿದ ಮುಂಗಾಲ ಕೂದಲು, ಎಲ್ಲ ಕಂಡಿತು. "ಹೊಲಕ್ಕ ಹೋಗಿ ಬಂದ ರಾತ್ರಿ ನಿದ್ದೀನೇ ಮಾಡೂದಿಲ್ಲ ಮುತ್ಯಾ, ಯಾವ ಟ್ಯೂಬ್ ಹಚ್ಚಲಿ ಹೇಳು" ಎಂದು ಕೇಳಿದ್ದಿ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ದನದ ದವಾಖಾನಿಗಳಲ್ಲಿ ಕಂಪೌಂಡರ್ ಆಗಿ ನಾನು ಆಯುಷ್ಯ ಕಳೆದವನು. ಅದೇ ಅನುಭವದಿಂದ ಹೇಳುತ್ತೇನೆ, ಟ್ಯೂಬಿನ ಹೆಸರನ್ನು ಈಗಲೇ ಹೇಳುವುದಿಲ್ಲ. ತುರಿಕೆ ಎಂಬುದು ರೋಗದ ಹೆಸರಲ್ಲ, ನಾಯಿ ಕೊಡುವ ವರ್ದಿ. ಎಲ್ಲಿಂದ ಬಂತು ಎಂದು ತಿಳಿಯದೆ ಮೇಲೆ ಮುಲಾಮು ಬಳಿದರೆ ವರ್ದಿ ನಿಲ್ಲುತ್ತದೆ, ಕಾರಣ ಒಳಗೇ ಉಳಿಯುತ್ತದೆ.

ನೀನು ದಿನಾ ಬೆಳಿಗ್ಗೆ ಮೋತ್ಯಾನನ್ನು ಕರೆದೊಯ್ಯುವ ದಾರಿ ನನಗೆ ಗೊತ್ತು. ಮನೆಯಿಂದ ಹೊರಟು ಹಳೆಯ ಖಣಿಯ ದಂಡೆ, ಅಲ್ಲಿಂದ ಬದುವಿನ ಮೇಲೆ ತೊಗರಿ ಹೊಲ, ತಿರುಗಿ ಬರುವಾಗ ಫರಸಿ ಕಲ್ಲು ಪಾಲಿಶ್ ಮಾಡುವ ಮಷೀನುಗಳ ಹಿಂದಿನ ರಸ್ತೆ. ರಾವೂರಿನ ಸುತ್ತಿನ ಈ ದಾರಿಯಲ್ಲಿ ನಾಯಿಯ ಚರ್ಮಕ್ಕೆ ಆಗದ ಸಂಗತಿಗಳು ಹೆಜ್ಜೆಗೊಂದು ಇವೆ. ಮೋತ್ಯಾ ಎಲ್ಲಿ ತುರಿಸಿಕೊಳ್ಳುತ್ತದೆ ಎಂಬುದನ್ನು ಸರಿಯಾಗಿ ನೋಡಿದರೆ ಅವುಗಳಲ್ಲಿ ಯಾವುದು ಅಂಟಿದೆ ಎಂದು ಅರ್ಧ ತಿಳಿಯುತ್ತದೆ.

ಹೊಟ್ಟೆ, ಗದ್ದ, ತುಟಿಯಂಚು, ತೊಡೆಯ ಒಳಬದಿ ಕೆಂಪಾಗಿದ್ದರೆ ಮೊದಲ ಸಂಶಯ ಗಿಡಗಳ ಮೇಲೆ, ಅದರಲ್ಲೂ ಕಾಂಗ್ರೆಸ್ ಕಸದ ಮೇಲೆ. ಕೂದಲು ತೆಳುವಾಗಿರುವ ಜಾಗಗಳೇ ನೆಲದ ಗಿಡಗಳಿಗೆ ಉಜ್ಜುತ್ತವೆ. ಈ ಕಸ ನಮ್ಮ ನಾಡಿನದಲ್ಲ. ಅಮೆರಿಕ ಖಂಡದ ಈ ಗಿಡ 1955ರ ಸುಮಾರಿಗೆ ಪುಣೆಯಲ್ಲಿ ಜನರ ಕಣ್ಣಿಗೆ ಬಿತ್ತು. ಹಡಗಿನಲ್ಲಿ ಬಂದ ಗೋಧಿಯ ಜೊತೆ ಬಂತು ಎಂದು ಎಲ್ಲರೂ ಹೇಳುತ್ತಾರೆ. ಈಗ ಖಣಿಯ ಮಣ್ಣುಗುಡ್ಡೆ, ರೈಲು ಹಳಿಯ ಬದಿ, ಪಾಳುಬಿದ್ದ ಹೊಲ ಎಲ್ಲವೂ ಅದರದೇ. 1984ರಲ್ಲಿ ಬೆಂಗಳೂರಿನಲ್ಲಿ ಅದನ್ನು ತಿನ್ನಲೆಂದೇ ಮೆಕ್ಸಿಕೋದ ಒಂದು ದುಂಬಿಯನ್ನು ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಗಳನ್ನು ಜರಡಿ ಮಾಡುವುದು ನಿಜ, ಆದರೆ ಕಸ ಇನ್ನೂ ಹೋಗಿಲ್ಲ. ಅದರ ಎಲೆ, ಹೂವು, ಕಾಂಡದ ನವಿರು ಕೂದಲುಗಳಲ್ಲಿ ಪಾರ್ಥೆನಿನ್ ಎಂಬ ವಸ್ತು ಇದೆ. ಅದು ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಒಗ್ಗದಿಕೆ ಹುಟ್ಟುತ್ತದೆ. ಮೊದಲ ದಿನ ಏನೂ ಆಗುವುದಿಲ್ಲ. ಮೈ ಒಮ್ಮೆ ಅದನ್ನು ಶತ್ರುವೆಂದು ಗುರುತಿಸಿದ ಮೇಲೆ ಸ್ವಲ್ಪ ತಾಗಿದರೂ ಉರಿಯುತ್ತದೆ. ವರ್ಷಗಟ್ಟಲೆ ಕಸ ಕಿತ್ತ ನಮ್ಮ ಹಿರಿಯ ರೈತರ ಮುಖ, ಕುತ್ತಿಗೆ, ಮೊಣಕೈ ಕಪ್ಪಾಗಿ ದಪ್ಪಗಟ್ಟಿರುವುದನ್ನು ನೀನೂ ನೋಡಿದ್ದಿ. ದನಕ್ಕೂ ನಾಯಿಗೂ ಅದೇ ಕಥೆ. ಮನೆಯ ಸುತ್ತಿನ ಕಸವನ್ನು ಹೂ ಬಿಡುವ ಮೊದಲೇ ಕಿತ್ತುಹಾಕು. ಕೀಳುವಾಗ ಕೈಗೆ ಚೀಲ ಕಟ್ಟಿಕೋ, ನಿನ್ನ ಕೈಯೂ ಚರ್ಮವೇ.

ಈ ತಿಂಗಳಲ್ಲಿ ಇನ್ನೊಂದು ಕಾಟ ಒಣಗಿದ ಹುಲ್ಲಿನದು. ಮಳೆ ನಿಂತ ಮೇಲೆ ಉತ್ತರಾಣಿ ಬೀಜ ಬಲಿತು ಕೆಳಮುಖವಾಗಿ ನಿಂತಿರುತ್ತದೆ, ಹಾದುಹೋದವರ ಧೋತರಕ್ಕೂ ನಾಯಿಯ ಕೂದಲಿಗೂ ಅಂಟುತ್ತದೆ. ನೆಗ್ಗಿಲು ಮುಳ್ಳು ಅಂಗಾಲಿಗೆ ಸೇರುತ್ತದೆ. ಮೊನೆ ಇರುವ ಹುಲ್ಲುಗಳಂತೂ ಒಳಕ್ಕೆ ಹೋಗುತ್ತವೆಯೇ ಹೊರತು ಹಿಂದಕ್ಕೆ ಬರುವುದಿಲ್ಲ, ಅವುಗಳ ಕೊಕ್ಕೆಯ ಕಟ್ಟೇ ಹಾಗೆ. ಕಾಲ್ಬೆರಳ ಸಂದಿನಲ್ಲಿ ಒಂದು ಕಡ್ಡಿ ಹೊಕ್ಕರೆ ನಾಯಿ ಒಂದೇ ಪಾದವನ್ನು ಬಿಡದೆ ನೆಕ್ಕುತ್ತದೆ, ಕೆಲವು ದಿನಕ್ಕೆ ಅಲ್ಲಿ ಕೀವಿನ ಗುಳ್ಳೆ ಏಳುತ್ತದೆ. ಕಿವಿಯಲ್ಲಿ ಹೊಕ್ಕರೆ ತಲೆ ಒಂದು ಬದಿಗೆ ವಾಲಿಸಿ ಒದರುತ್ತದೆ. ಫೋಟೊದಲ್ಲಿ ಮೋತ್ಯಾ ನೆಕ್ಕಿರುವುದು ಎರಡೂ ಮುಂಗಾಲನ್ನೋ, ಒಂದನ್ನೋ? ಅದನ್ನು ನೋಡಿ ತಿಳಿಸು. ಎರಡೂ ಆದರೆ ಗಿಡವೋ ಒಗ್ಗದಿಕೆಯೋ ಇರಬಹುದು, ಒಂದೇ ಆದರೆ ಮುಳ್ಳು ಹುಡುಕು. ಹುಡುಕುವುದು ಹೇಗೆಂದರೆ, ಪಾದವನ್ನು ಮೇಲಕ್ಕೆ ತಿರುವಿ ಮೆತ್ತೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಅಗಲಿಸು, ಕಿಟಕಿಯ ಬೆಳಕಿಗೆ ಹಿಡಿ, ಸಣ್ಣ ಕಪ್ಪು ಚುಕ್ಕಿಯೂ ಬಿಡದಂತೆ ನೋಡು. ಕಿವಿಯೊಳಗೆ ಮಾತ್ರ ಕಡ್ಡಿ, ಚಿಮಟಿ, ಹತ್ತಿ ಏನನ್ನೂ ತೂರಿಸಬೇಡ, ಅದು ಡಾಕ್ಟರ್ ಕೆಲಸ.

ಚಿಂಚೋಳಿಯ ಕಾಡಿನ ಕಡೆ ನಿನ್ನ ಗೆಳೆಯರ ಜೊತೆ ಮೋತ್ಯಾನನ್ನು ಕರೆದೊಯ್ಯುವ ಆಸೆ ಬರೆದಿದ್ದಿ. ಬೇಡ ಮಗಾ. ಅದು 2011ರಿಂದ ವನ್ಯಜೀವಿ ಧಾಮ, ಸಾಕಿದ ನಾಯಿಗೆ ಅಲ್ಲಿ ಕೆಲಸವಿಲ್ಲ. ಅಲ್ಲದೆ ಕಾಡಂಚಿನ ಪೊದೆಗಳಲ್ಲಿ ನಸುಗುನ್ನಿ ಕಾಯಿ ಇದ್ದರೆ ಅದರ ರೋಮ ತಾಗಿದ ಪ್ರಾಣಿ ಹುಚ್ಚು ಹಿಡಿದಂತೆ ಹೊರಳಾಡುತ್ತದೆ.

ಈಗ ಉಣ್ಣಿಯ ಮಾತು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಮ್ಮ ಊರಿನ ಮನೆಗಳ ಕಟ್ಟಡವೇ ಉಣ್ಣಿಗೆ ಅನುಕೂಲ. ನೆಲಕ್ಕೆ ಫರಸಿ, ಗೋಡೆಗೆ ಫರಸಿ, ಕೆಲವು ಕಡೆ ಮಾಳಿಗೆಗೂ ಅದೇ. ಕಲ್ಲು ಗಟ್ಟಿ, ಆದರೆ ಕಲ್ಲಿಗೂ ಕಲ್ಲಿಗೂ ನಡುವಿನ ಸಂದು ಬಾಯಿ ಬಿಟ್ಟಿರುತ್ತದೆ. ರಕ್ತ ಕುಡಿದು ಔಡಲ ಬೀಜದಷ್ಟು ಉಬ್ಬಿದ ಹೆಣ್ಣು ಉಣ್ಣಿ ನಾಯಿಯ ಮೈಯಿಂದ ತಾನಾಗಿ ಉದುರಿ, ಗೋಡೆ ಹತ್ತಿ, ಅಂಥ ಸಂದಿನಲ್ಲಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮರಿಗಳು ಹೊರಬಂದು ನಾಯಿಗಾಗಿ ಕಾಯುತ್ತವೆ, ಬಲಿತವು ಊಟವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲವು. ಹೀಗಾಗಿ ನೀನು ಮೈಮೇಲೆ ಕಾಣುವ ಉಣ್ಣಿ ಪೂರಾ ಲೆಕ್ಕವಲ್ಲ, ಬಹುಪಾಲು ಗೋಡೆಯಲ್ಲಿ, ಕಟ್ಟೆಯಲ್ಲಿ, ಅದು ಮಲಗುವ ಗೋಣಿ ತಟ್ಟಿನಲ್ಲಿ ಇವೆ. ನಾಯಿಗೆ ಎಷ್ಟು ಔಷಧಿ ಹಾಕಿದರೂ ಎಂಟು ದಿನಕ್ಕೆ ಮತ್ತೆ ಬಂತು ಎಂದು ಜನ ಬೇಸರ ಮಾಡಿಕೊಳ್ಳುವುದು ಇದಕ್ಕೇ.

ಆದ್ದರಿಂದ ಎರಡೂ ಕಡೆ ಕೆಲಸ ಆಗಬೇಕು. ಗೋಣಿ ತಟ್ಟನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕು, ಹಳೆಯದಾಗಿದ್ದರೆ ಸುಟ್ಟುಬಿಡು. ಮೋತ್ಯಾ ಮಲಗುವ ಕಟ್ಟೆಯ ಸಂದುಗಳಿಗೆ ಕುದಿನೀರು ಸುರಿ, ಒಣಗಿದ ಮೇಲೆ ಸಿಮೆಂಟು ತುಂಬಿಸು. ಅದು ಗಟ್ಟಿಯಾಗುವ ತನಕ ನಾಯಿಯನ್ನು ಬೇರೆ ಕಡೆ ಕಟ್ಟು, ಹಸಿ ಸಿಮೆಂಟು ಚರ್ಮ ಸುಡುತ್ತದೆ. ಮೈಯಲ್ಲಿ ಹುಡುಕುವಾಗ ಕಿವಿಯ ಒಳಮಡಿಕೆ, ಕೊರಳ ಪಟ್ಟಿಯ ಅಡಿ, ಕಂಕುಳು, ಬೆರಳ ಸಂದು, ಬಾಲದ ಬುಡ ಬಿಡಬೇಡ. ಕೀಳುವುದು ಚಿಮಟಿಯಿಂದ. ಚರ್ಮಕ್ಕೆ ತೀರ ಹತ್ತಿರ, ಬಾಯಿ ಇರುವಲ್ಲಿ ಹಿಡಿದು, ನಿಧಾನವಾಗಿ ನೇರಕ್ಕೆ ಎಳೆ. ಬೀಡಿಯ ಬೆಂಕಿ ಮುಟ್ಟಿಸಬೇಡ, ಚಿಮಣಿ ಎಣ್ಣೆ ಹಾಕಬೇಡ. ಗಾಬರಿಯಾದ ಉಣ್ಣಿ ತನ್ನ ಹೊಟ್ಟೆಯಲ್ಲಿದ್ದುದನ್ನು ನಾಯಿಯ ರಕ್ತಕ್ಕೇ ಕಾರಬಹುದು. ಉಗುರಿನಲ್ಲಿ ಚಿವುಟಿ ಒಡೆಯುವ ಚಟ ನಮ್ಮ ಕಡೆ ಎಲ್ಲರಿಗೂ ಇದೆ, ಅದನ್ನೂ ಬಿಡು. ಸಾಬೂನು ನೀರಿನ ಬಟ್ಟಲಿಗೆ ಹಾಕಿದರೆ ಸಾಕು. ಉಣ್ಣಿ ಬರೀ ತುರಿಕೆ ತರುವುದಿಲ್ಲ, ರಕ್ತದ ಜ್ವರ ತರುತ್ತದೆ. ನಾಯಿ ಊಟ ಬಿಟ್ಟರೆ, ಒಸಡು ಬಿಳಚಿದರೆ, ಮೂಗಿನಲ್ಲಿ ರಕ್ತ ಬಂದರೆ, ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿದರೆ ಆ ದಿನವೇ ದವಾಖಾನಿಗೆ ಒಯ್ಯಬೇಕು, ನಾಳೆ ಎನ್ನಬಾರದು.

ಚಿಗಟೆಯೋ ಅಲ್ಲವೋ ಎಂದು ತಿಳಿಯಲು ಸುಲಭದ ದಾರಿ ಇದೆ. ಬಿಳಿ ಹಾಳೆಯನ್ನು ನೀರಿನಲ್ಲಿ ತೋಯಿಸಿ ಹಾಸು, ಬಾಲದ ಬುಡದ ಕೂದಲನ್ನು ಹೇನಿನ ಹಣಿಗೆಯಿಂದ ಬಾಚಿ ಉದುರಿದ್ದನ್ನು ಅದರ ಮೇಲೆ ಕೊಡವು. ಕರಿ ಪುಡಿ ಕರಗಿ ಸುತ್ತ ಕೆಂಪು ಹರಡಿದರೆ ಅದು ಚಿಗಟೆಯ ಹೊಲಸು, ಅಂದರೆ ಜೀರ್ಣವಾದ ರಕ್ತ. ಮಣ್ಣಾದರೆ ಮಣ್ಣಿನ ಬಣ್ಣವೇ ಉಳಿಯುತ್ತದೆ. ಬೀದಿ ನಾಯಿಗಳ ಜೊತೆ ಉರುಳಾಡಿ ಬಂದಿದ್ದರೆ ಹುರುಕನ್ನೂ ನೋಡಬೇಕು. ಕಿವಿಯ ಅಂಚನ್ನು ಎರಡು ಬೆರಳಲ್ಲಿ ಮೆಲ್ಲಗೆ ಉಜ್ಜು. ಆ ಬದಿಯ ಹಿಂಗಾಲು ತಾನಾಗಿ ಗಾಳಿಯಲ್ಲಿ ತುರಿಸತೊಡಗಿದರೆ, ಮೊಣಕೈಯಲ್ಲಿ ಹೊಟ್ಟು ಎದ್ದಿದ್ದರೆ ಸಂಶಯ ಬಲವಾಯಿತು. ನಿನ್ನ ತಂಗಿಯ ಮುಂಗೈಯಲ್ಲಿ ತುರಿಕೆಯ ಗುಳ್ಳೆ ಎದ್ದಿವೆಯೇ ಎಂದು ಕೇಳು, ಆ ಹುರುಕು ಮನುಷ್ಯರಿಗೂ ಹಾಯುತ್ತದೆ. ಕೂದಲುದುರಿದ ದುಂಡು ಕಲೆ ಇದ್ದರೆ ಹುಳಕಡ್ಡಿ ಇರಬಹುದು, ಅದೂ ಮಕ್ಕಳಿಗೆ ಅಂಟುತ್ತದೆ. ಇವಕ್ಕೆಲ್ಲ ಮನೆಮದ್ದು ಸಾಲದು. ಚರ್ಮ ಕೆರೆದು ಗಾಜಿನ ಮೇಲೆ ನೋಡಿ ಔಷಧಿ ಕೊಡುವುದೇ ಸರಿ.

ತೊಗರಿ ಹೊಲದ ವಿಷಯದಲ್ಲಿ ನನಗೆ ನಿಜವಾಗಿ ಭಯವಿದೆ. ಹೂವು ಕಾಯಿ ಹಿಡಿಯುವ ಈ ಕಾಲದಲ್ಲಿ ಕಾಯಿಕೊರಕ ಹುಳಕ್ಕೆ ಎಲ್ಲರೂ ಎಣ್ಣೆ ಹೊಡೆಯುತ್ತಾರೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದು ನಮ್ಮ ಅಭಿಮಾನ. ಆದರೆ ಬೆಳೆ ಉಳಿಸಲು ಸಿಂಪಡಿಸಿದ್ದು ಎಲೆಯ ಮೇಲೆ ಇದ್ದೇ ಇರುತ್ತದೆ. ಇಬ್ಬನಿಯಲ್ಲಿ ತೊಯ್ದ ಸಾಲುಗಳಲ್ಲಿ ಹಾದುಬಂದ ನಾಯಿ ಮನೆಗೆ ಬಂದು ಮೈ ನೆಕ್ಕುತ್ತದೆ. ಚರ್ಮದ ಉರಿ ಆಗ ಸಣ್ಣ ಮಾತು, ವಿಷ ಹೊಟ್ಟೆ ಸೇರುತ್ತದೆ. ಜೊಲ್ಲು ಸುರಿದು, ಮೈ ನಡುಗಿ, ವಾಂತಿ ಆದರೆ ಒಂದು ಕ್ಷಣವೂ ತಡಮಾಡದೆ ಡಾಕ್ಟರ್ ಬಳಿ ಓಡು, ಹೊಡೆದ ಔಷಧಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿ. ಯಾರ ಹೊಲಕ್ಕೆ ಯಾವಾಗ ಹೊಡೆದರು ಎಂದು ಕೇಳಿಕೊಂಡು, ಸಂಕ್ರಾಂತಿಯ ತನಕ ಆ ಸಾಲುಗಳನ್ನು ಬಿಟ್ಟು ಬಂಡಿ ದಾರಿಯಲ್ಲೇ ನಡೆಸು.

ಖಣಿಯ ನೀರಿಗೂ ಇಳಿಯಗೊಡಬೇಡ. ನಿಂತ ನೀರು, ಪಾಚಿ, ತಳದಲ್ಲಿ ಏನಿದೆಯೋ ದೇವರೇ ಬಲ್ಲ. ಕಿವಿ ತೊಯ್ದು ಒಣಗದಿದ್ದರೆ ಒಳಗೆ ಬೂಸು ಬೆಳೆದು ನಾತ ಬರುತ್ತದೆ. ದಟ್ಟ ಕೂದಲಿನ ಅಡಿ ತೇವ ಉಳಿದರೆ ಒಂದೇ ರಾತ್ರಿಯಲ್ಲಿ ಅಂಗೈಯಗಲ ಹಸಿ ಹುಣ್ಣಾಗುವುದುಂಟು.

ಇನ್ನು ಶಮನದ ಮಾತು. ತಿರುಗಾಟದಿಂದ ಬಂದ ಕೂಡಲೇ, ಮೋತ್ಯಾ ನೆಕ್ಕುವುದಕ್ಕೆ ಮೊದಲೇ, ನಾಲ್ಕೂ ಪಾದ, ಹೊಟ್ಟೆ, ಗದ್ದವನ್ನು ತಣ್ಣೀರಿನಿಂದ ತೊಳೆ. ನೂರಕ್ಕೆ ನೂರು ಕೆಲಸ ಆಗದಿದ್ದರೂ ದೊಡ್ಡ ಪಾಲು ಇಲ್ಲೇ ಆಗುತ್ತದೆ: ಪರಾಗ, ಗಿಡದ ರಸ, ಫರಸಿಯ ಧೂಳು, ಔಷಧಿಯ ಅಂಶ ಎಲ್ಲವೂ ನೀರಿಗೆ ಹೋಗುತ್ತವೆ. ಉಜ್ಜಬೇಡ, ನೀರು ಹರಿಯಬಿಡು. ಮೆತ್ತನೆ ಹಳೆ ಧೋತರದಿಂದ ಒತ್ತಿ ಒರೆಸು, ಬೆರಳ ಸಂದುಗಳನ್ನು ಪೂರ್ತಿ ಒಣಗಿಸು. ಉರಿ ಹೆಚ್ಚಾಗಿದ್ದರೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಹೊಟ್ಟೆಯ ಮೇಲೆ ಇಡು, ದಿನಕ್ಕೆ ಮೂರು ನಾಲ್ಕು ಸಲ. ಗೀರಿದ ಗಾಯಕ್ಕೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ ತೊಳೆ. ಅಂಗಡಿಯಲ್ಲಿ ಈಗ ಓಟ್ಸ್ ಸಿಗುತ್ತದೆ. ಸಕ್ಕರೆ ಮಸಾಲೆ ಇಲ್ಲದ ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಉಗುರುಬೆಚ್ಚಗಿನ ನೀರಲ್ಲಿ ಹಾಲಿನಂತೆ ಕದಡಿ, ಹತ್ತು ನಿಮಿಷ ಮೈಮೇಲೆ ಸುರಿಯುತ್ತಾ ಇದ್ದು ತೊಳೆದರೆ ಒಣ ತುರಿಕೆ ಚೆನ್ನಾಗಿ ಇಳಿಯುತ್ತದೆ. ಹಿತ್ತಲಿನ ಬೇವಿನ ತಪ್ಪಲು ಕುದಿಸಿ ಆರಿಸಿದ ನೀರನ್ನು ನಿಮ್ಮ ಆಯಿ ಎಲ್ಲದಕ್ಕೂ ಹೇಳುತ್ತಾಳೆ. ಗಾಯವಿಲ್ಲದ ಚರ್ಮಕ್ಕೆ ಹಿತ, ಅಡ್ಡಿಯಿಲ್ಲ, ಆದರೆ ಅದರಿಂದ ಉಣ್ಣಿಯೂ ಸಾಯುವುದಿಲ್ಲ, ಹುರುಕೂ ಹೋಗುವುದಿಲ್ಲ. ಸ್ನಾನ ಮಧ್ಯಾಹ್ನದ ಬಿಸಿಲಿನಲ್ಲಿ, ನಾಯಿಯ ಶಾಂಪೂವಿನಿಂದ, ಅದೂ ಡಾಕ್ಟರ್ ಹೇಳಿದಷ್ಟು ಸಲ. ನಾಯಿಯ ಮೇಲ್ಚರ್ಮ ನಮ್ಮದಕ್ಕಿಂತ ತೆಳು. ನಾವು ಹಚ್ಚುವ ಸಾಬೂನು ಅದರ ಎಣ್ಣೆ ಅಂಶ ತೆಗೆದು ತುರಿಕೆಯನ್ನು ಹೆಚ್ಚಿಸುತ್ತದೆ.

ನನ್ನ ಕೆಲಸದ ಕಾಲದಲ್ಲಿ ತುರಿಕೆಯಿಂದ ಸತ್ತ ನಾಯಿಗಿಂತ ತುರಿಕೆಗೆ ಹಚ್ಚಿದ್ದರಿಂದ ಸತ್ತ ನಾಯಿಗಳನ್ನೇ ಹೆಚ್ಚು ನೋಡಿದೆ. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುತ್ತಾರೆ, ಚಿಮಣಿ ಎಣ್ಣೆ ಹಚ್ಚುತ್ತಾರೆ, ಹೊಲಕ್ಕೆ ಹೊಡೆಯುವ ಔಷಧಿಯನ್ನೇ ನೀರಿಗೆ ಬೆರೆಸಿ ಮೈ ತೊಳೆಸುತ್ತಾರೆ. ಹಿಂದೆ ಬಿಎಚ್‌ಸಿ ಕೀಟನಾಶಕದ ಪುಡಿ ಉಜ್ಜುತ್ತಿದ್ದರು, 1997ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಇವೆಲ್ಲ ಚರ್ಮದಿಂದಲೂ ನಾಲಿಗೆಯಿಂದಲೂ ಒಳಗೆ ಹೋಗುತ್ತವೆ. ದನಕ್ಕೆಂದು ಕೊಡುವ ಉಣ್ಣಿ ಔಷಧಿಯನ್ನು ಅಳತೆಯಿಲ್ಲದೆ ನಾಯಿಗೆ ಹಾಕಬೇಡ, ದನದ ಇಂಜೆಕ್ಷನ್ನನ್ನು ಯಾರೋ ಹೇಳಿದರೆಂದು ಚುಚ್ಚಿಸಬೇಡ. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ತುರಿಕೆ ಟ್ಯೂಬುಗಳಲ್ಲಿ ಬಹಳಷ್ಟು ಸ್ಟೀರಾಯ್ಡ್ ಇರುತ್ತದೆ. ಎರಡು ದಿನಕ್ಕೆ ಕೆಂಪು ಇಳಿದು ನಿನಗೆ ಖುಷಿಯಾಗುತ್ತದೆ, ಒಳಗೆ ಹುಳಕಡ್ಡಿ ಹರಡುತ್ತಿರುತ್ತದೆ, ಚರ್ಮ ತೆಳುವಾಗುತ್ತಿರುತ್ತದೆ. ನೋವಿನ ಡೈಕ್ಲೋಫೆನಾಕ್ ಮುಲಾಮು ನೆಕ್ಕಿದರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಅದೇ ಔಷಧಿ ಸತ್ತ ದನಗಳ ಮೂಲಕ ರಣಹದ್ದುಗಳ ಕುಲವನ್ನೇ ಮುಗಿಸುತ್ತಿದೆ ಎಂದು ತಿಳಿದು 2006ರಲ್ಲಿ ಪಶುಗಳ ಬಳಕೆಗೆ ಅದನ್ನು ತಯಾರಿಸುವುದನ್ನು ದೇಶದಲ್ಲಿ ನಿಲ್ಲಿಸಿದರು. ನಮಗೆ ಒಗ್ಗುವ ಔಷಧಿ ಪ್ರಾಣಿಗೆ ಒಗ್ಗುತ್ತದೆಂಬ ನಂಬಿಕೆ ಬಿಟ್ಟುಬಿಡು.

"ಊರ ನಾಯಿಗೆ ಇಷ್ಟ್ಯಾಕೋ" ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಾರೆ ಎಂದು ಬರೆದಿದ್ದಿ. ನಗಲಿ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಒಂದು ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದೆ, ಕ್ರಿ.ಶ. 949-50ರದು. ತಕ್ಕೋಲದಲ್ಲಿ ಚೋಳರ ಮೇಲೆ ನಡೆದ ಯುದ್ಧದಲ್ಲಿ ವೀರತನ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಅದರ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಡು ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಜ್ಯದ ವಿಜಯವನ್ನೂ ನಾಯಿಯ ಸಾವನ್ನೂ ಒಂದೇ ಕಲ್ಲಿನಲ್ಲಿ ಬರೆಸಿದವರ ಭಾಷೆ ಆಡುವವರು ನಾವು. ನೀನು ಮೋತ್ಯಾನ ಪಾದ ತೊಳೆಯುವುದರಲ್ಲಿ ಅವಮಾನ ಏನೂ ಇಲ್ಲ.

ಈಗ ಮಾಡಬೇಕಾದ್ದು ಇಷ್ಟು. ಎರಡು ದಿನ ಹೊಲದ ದಾರಿ ನಿಲ್ಲಿಸು, ನಾನು ಹೇಳಿದಂತೆ ತೊಳೆ, ಮೈ ತಡವಿ ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೋ. ಎಲ್ಲಿ ಗಂದೆ, ಎಷ್ಟು ಉಣ್ಣಿ, ಯಾವ ಪಾದ, ಏನು ತಿಂದಿತು, ಎಲ್ಲ ಇರಲಿ. ಇಳಿಯದಿದ್ದರೆ, ಇಲ್ಲವೇ ಕೀವು, ನಾತ, ಮುಖದ ಬಾವು ಕಂಡರೆ ತಡಮಾಡದೆ ಚಿತ್ತಾಪುರದ ಪಶು ಆಸ್ಪತ್ರೆಗೆ ಒಯ್ಯಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿಯೂ ಕೇಳಬಹುದು. ಜಟಿಲವಾದರೆ ಬೀದರಿನ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿಗೆ ನಾನೇ ಜೊತೆಗೆ ಬರುತ್ತೇನೆ. ಉಣ್ಣಿಗೆ ಈಗ ಬಾಯಿಂದ ಕೊಡುವ ಒಳ್ಳೆಯ ಗುಳಿಗೆಗಳು ಬಂದಿವೆ, ತೂಕ ನೋಡಿ ಡಾಕ್ಟರೇ ಬರೆದುಕೊಡಬೇಕು. ಹೋದಾಗಲೇ ಹುಚ್ಚುನಾಯಿ ರೋಗದ ಲಸಿಕೆಯ ತಾರೀಖನ್ನೂ ನೋಡಿಸು. ತುರಿಕೆಯ ಸಂಕಟದಲ್ಲಿರುವ ನಾಯಿ ತನ್ನವರನ್ನೂ ಕಚ್ಚೀತು, ಮನೆಯಲ್ಲಿ ಸಣ್ಣ ಹುಡುಗಿ ಇದ್ದಾಳೆ.

ಎಳ್ಳ ಅಮಾವಾಸ್ಯೆಗೆ ನಾನು ಊರಿಗೆ ಬರುತ್ತೇನೆ. ಚರಗ ಚೆಲ್ಲಲು ಹೋಗುವಾಗ ಮೋತ್ಯಾನೂ ಬಂಡಿಯ ಹಿಂದೆ ಬರಲಿ. ಅಷ್ಟರಲ್ಲಿ ಆ ಕಟ್ಟೆಯ ಸಂದುಗಳನ್ನು ತುಂಬಿಸಿಬಿಡು, ಮತ್ತು ಯಾವ ಪಾದ ಎಂಬುದನ್ನು ನಾಳೆಯೇ ಫೋನಿನಲ್ಲಿ ಹೇಳು.

ನಿನ್ನ ಪ್ರೀತಿಯ
ಮುತ್ಯಾ